ಸೂರ್ಯಮೀನಿನ ನಾಮಸಂಕರ: ದೇಶನಾಮ, ಶಾಸ್ತ್ರನಾಮ ಮತ್ತು ಚರಿತ್ರಕಾರನ ಕೆಲವು ತೊಡಕುಗಳು

ಚರಿತ್ರೆಯ ಆಕರಗಳಲ್ಲಿ ಬರುವ ಅರಸರ ಹೆಸರುಗಳನ್ನೂ ಊರುಗಳ ಹೆಸರುಗಳನ್ನೂ ಗುರುತಿಸುವುದಕ್ಕೆ ನಾವು ಪಡುವ ಶ್ರಮದ ಶತಾಂಶವನ್ನಾದರೂ ಮರ, ಧಾನ್ಯ, ಮೀನುಗಳ ಹೆಸರುಗಳ ವಿಷಯದಲ್ಲಿ ಪಡುವುದಿಲ್ಲ. ಶಾಸನದಲ್ಲಿ ಬಂದ ಒಂದು ಗ್ರಾಮನಾಮವು ಇಂದಿನ ಯಾವ ಊರೆಂಬುದನ್ನು ಕುರಿತು ಪುಟಗಟ್ಟಲೆ ಚರ್ಚೆ ನಡೆಯುತ್ತದೆ. ಅದೇ ಸಾಲಿನಲ್ಲಿ ಒಂದು ಮೀನಿನ ಹೆಸರು ಬಂದರೆ ನಿಘಂಟಿನ ಮೊದಲನೆಯ ಅರ್ಥವನ್ನು ಬರೆದುಕೊಂಡು ಮುಂದೆ ಸಾಗುತ್ತೇವೆ. ಈ ಉದಾಸೀನದ ಫಲವನ್ನು ಪ್ರಕೃತ ಲೇಖಕನೂ ಉಂಡಿದ್ದಾನೆ. ಕೆಲವು ವರ್ಷಗಳ ಹಿಂದೆ ಅಮೆರಿಕದ ಒಹಾಯೊ ನದಿಯ ಕಣಿವೆಯಲ್ಲಿ ನೆಲಸಿದ ಮೊದಲ ವಲಸಿಗರ ಜೀವನವನ್ನು ಕುರಿತು ತರಗತಿಗೆ ಕನ್ನಡದಲ್ಲಿ ಟಿಪ್ಪಣಿ ಸಿದ್ಧಪಡಿಸುತ್ತಿದ್ದಾಗ, ಅವರ ಆಹಾರದ ಪಟ್ಟಿಯಲ್ಲಿ ‘ಸನ್‌ಫಿಷ್’ ಎಂಬ ಹೆಸರು ಬಂದಿತು. ವಿಶ್ವಕೋಶವನ್ನು ತೆರೆದು ನೋಡಿದೆ. ಸಾವಿರ ಕಿಲೋಗ್ರಾಮನ್ನೂ ಮೀರಿ ತೂಗುವ, ಗಾಡಿಯ ಚಕ್ರದಂತಿರುವ ಒಂದು ಮಹಾಮೀನಿನ ವರ್ಣನೆ ಅಲ್ಲಿ ಸಿಕ್ಕಿತು. ‘ಸೂರ್ಯಮೀನು’ ಎಂದು ಕನ್ನಡಿಸಿ ಆ ವರ್ಣನೆಯನ್ನು ಹಾಗೆಯೇ ಇಳಿಸಿದೆ. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ನಿಂತು, “ಸಮುದ್ರಕ್ಕೆ ನೂರಾರು ಮೈಲಿ ದೂರವಿರುವ ಹಳ್ಳಿಯ ಬಾಣಲೆಗೆ ಈ ಮೀನು ಹೇಗೆ ಬಂತು, ಸರ್?” ಎಂದು ಕೇಳಿದನು. ಉತ್ತರವಿರಲಿಲ್ಲ. ಪ್ರಸ್ತುತ ಲೇಖನವು ಆ ಪ್ರಶ್ನೆಯಿಂದ ಹುಟ್ಟಿದುದು.

ನಾನು ವರ್ಣಿಸಿದ್ದುದು ಕಡಲಿನ ಸೂರ್ಯಮೀನು. ಶಾಸ್ತ್ರಜ್ಞರು ಅದನ್ನು ‘ಮೋಲಾ ಮೋಲಾ’ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ‘ಮೋಲಾ’ ಎಂದರೆ ಬೀಸುಕಲ್ಲು. ವಿನೋದವೇನೆಂದರೆ, ಬಂಗಾಳದ ಕೆರೆಕೊಳಗಳಲ್ಲಿರುವ ಬೆರಳುದ್ದದ ಒಂದು ಮೀನಿಗೂ ಶಾಸ್ತ್ರದಲ್ಲಿ ‘ಮೋಲಾ’ ಎಂಬ ಹೆಸರೇ ಇದೆ; ಆದರೆ ಅದು ಲ್ಯಾಟಿನ್ ಮಾತಲ್ಲ, ಬಂಗಾಳಿ ಬೆಸ್ತರ ಮಾತು. ೧೮೨೨ ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತು ಗ್ರಂಥ ಬರೆದ ಫ್ರಾನ್ಸಿಸ್ ಹ್ಯಾಮಿಲ್ಟನ್ ಅದನ್ನು ಶಾಸ್ತ್ರಕ್ಕೆ ತಂದನು. ಹೀಗೆ ಒಂದೇ ಶಬ್ದವು ಒಂದು ಕಡೆ ಬೀಸುಕಲ್ಲಿನಂಥ ರಾಕ್ಷಸನನ್ನೂ ಇನ್ನೊಂದು ಕಡೆ ಹಿಡಿ ತುಂಬ ಹಿಡಿಯಬಹುದಾದ ಕಿರುಮೀನನ್ನೂ ಸೂಚಿಸುತ್ತದೆ. ಒಹಾಯೊ ಕಣಿವೆಯ ಸೂರ್ಯಮೀನು ಈ ಎರಡೂ ಅಲ್ಲ.

ಅದು ಸಿಹಿನೀರಿನ ಮೀನು. ಉತ್ತರ ಅಮೆರಿಕ ಖಂಡವೊಂದರಲ್ಲಿಯೇ ಸಹಜವಾಗಿರುವ ಒಂದು ಕುಟುಂಬಕ್ಕೆ ಸೇರಿದುದು. ಆ ಕುಟುಂಬಕ್ಕೆ ಸೆಂಟ್ರಾರ್ಕಿಡೇ ಎಂದು ಹೆಸರು. ಇದರ ಒಂದೇ ಒಂದು ಪ್ರಭೇದವನ್ನು ಬಿಟ್ಟರೆ ಉಳಿದವೆಲ್ಲವೂ ರಾಕಿ ಪರ್ವತಗಳ ಪೂರ್ವಕ್ಕಿರುವ ನದಿ ಸರೋವರಗಳವು. ಕುಟುಂಬದಲ್ಲಿ ‘ಬ್ಲ್ಯಾಕ್ ಬಾಸ್’ ಎಂಬ ದೊಡ್ಡ ಬೇಟೆಮೀನುಗಳೂ ‘ಕ್ರಾಪಿ’ ಎಂಬ ಚಪ್ಪಟೆ ಮೀನುಗಳೂ ಇವೆ. ಆದರೆ ಜನ ಸಾಮಾನ್ಯವಾಗಿ ಸೂರ್ಯಮೀನು ಎಂದು ಕರೆಯುವುದು ಲೆಪೋಮಿಸ್ ಎಂಬ ಕುಲದ ಹದಿಮೂರು ಪ್ರಭೇದಗಳನ್ನು. ಇವು ಹೆಚ್ಚಾಗಿ ಅಂಗೈಯಗಲದವು. ಬಾಣಲೆಯಲ್ಲಿ ಇಡಿಯಾಗಿ ಹಿಡಿಯುವುದರಿಂದ ಅಮೆರಿಕನ್ನರು ‘ಬಾಣಲೆ ಮೀನು’ ಎಂಬರ್ಥದ ಹೆಸರನ್ನೂ ಇವಕ್ಕೆ ಕೊಟ್ಟಿದ್ದಾರೆ. ಬೇಸಗೆಯ ಮೊದಲಲ್ಲಿ ಗಂಡು ಮೀನು ದಡದ ಹತ್ತಿರ, ಮೊಣಕಾಲುದ್ದದ ನೀರಿನಲ್ಲಿ, ಬಾಲದಿಂದ ಮರಳನ್ನು ಗುಡಿಸಿ ತಟ್ಟೆಯಂತಹ ಗೂಡನ್ನು ಮಾಡಿ ಮೊಟ್ಟೆಗಳನ್ನು ಕಾಯುತ್ತದೆ. ಆದುದರಿಂದ ಮೀನುಗಾರನಲ್ಲದವನೂ, ಮಕ್ಕಳು ಸಹ, ಇವನ್ನು ಕಣ್ಣಾರೆ ಕಂಡವರೇ. ಎಲ್ಲರೂ ಕಂಡ ಮೀನಿಗೆ ಎಲ್ಲರೂ ಹೆಸರಿಟ್ಟರು. ತೊಡಕಿನ ಮೂಲ ಇದೇ.

ಇವನ್ನು ಒಂದರಿಂದ ಒಂದನ್ನು ಬೇರ್ಪಡಿಸಿ ಗುರುತಿಸುವುದು ಸುಲಭವಲ್ಲ. ಬಣ್ಣವನ್ನು ನೆಚ್ಚುವಂತಿಲ್ಲ, ಅದು ವಯಸ್ಸು, ಲಿಂಗ, ಋತು, ನೀರಿನ ಗುಣ ಇವುಗಳಿಗೆ ತಕ್ಕಂತೆ ಬದಲಾಗುತ್ತದೆ. ಬಲ್ಲವರು ಮೊದಲು ನೋಡುವುದು ಕಿವಿರಿನ ಮುಚ್ಚಳದ ಹಿಂತುದಿಯಲ್ಲಿ ಕಿವಿಯಂತೆ ಚಾಚಿಕೊಂಡಿರುವ ಹಾಳೆಯನ್ನು. ಅದು ಅಂಚಿನವರೆಗೂ ಕಪ್ಪಾಗಿದ್ದು, ಬೆನ್ನಿನ ಈಜುರೆಕ್ಕೆಯ ಹಿಂಭಾಗದಲ್ಲಿ ಒಂದು ಕಪ್ಪು ಮಚ್ಚೆಯಿದ್ದು, ಎದೆಯ ಈಜುರೆಕ್ಕೆ ಉದ್ದವಾಗಿ ಮೊನಚಾಗಿದ್ದರೆ ಅದು ಬ್ಲೂಗಿಲ್. ಕಪ್ಪು ಹಾಳೆಯ ತುದಿಯಲ್ಲಿ ಕೆಂಪು ಬೊಟ್ಟು, ಕೆನ್ನೆಯ ಮೇಲೆ ಅಲೆಯಲೆಯಾದ ನೀಲಿ ಗೆರೆಗಳು ಇದ್ದರೆ ಪಂಪ್‌ಕಿನ್‌ಸೀಡ್, ಎಂದರೆ ಕುಂಬಳದ ಬೀಜ. ಬಾಯಿ ದೊಡ್ಡದಾಗಿ, ಎದೆಯ ಈಜುರೆಕ್ಕೆ ಮೋಟಾಗಿ ದುಂಡಗಿದ್ದರೆ ಹಸುರು ಸೂರ್ಯಮೀನು. ಹಾಳೆ ತೀರ ಉದ್ದವಾಗಿದ್ದು ಅದರ ಸುತ್ತ ಬಿಳಿಯ ಅಂಚಿದ್ದರೆ ಉದ್ದಗಿವಿಯದು. ಉದ್ದವಾಗಿದ್ದೂ ಅಂಚಿಲ್ಲದೆ ಕಿರಿದಾಗಿದ್ದರೆ ಕೆಂಪೆದೆಯದು. ಇಷ್ಟು ಲಕ್ಷಣಗಳನ್ನು ಕಾಗದದ ಮೇಲೆ ಬರೆಯುವುದು ಸುಲಭ. ಹದಿನೆಂಟನೆಯ ಶತಮಾನದ ವಲಸಿಗನ ದಿನಚರಿಯಲ್ಲಿ “ಈ ದಿನ ಹನ್ನೆರಡು ಪರ್ಚ್ ಹಿಡಿದೆವು” ಎಂಬಂಥ ವಾಕ್ಯವಿದ್ದರೆ ಕಿವಿಯ ಹಾಳೆಯನ್ನು ಎಲ್ಲಿ ಹುಡುಕುವುದು?

ವಲಸಿಗರ ಕೈಯಲ್ಲಿ ಮೀನಿಗಿಂತ ಮೊದಲೇ ಹೆಸರುಗಳಿದ್ದವು ಎಂಬುದನ್ನು ನಾವು ಗಮನಿಸಬೇಕು. ಇಂಗ್ಲೆಂಡಿನ ಹೊಳೆಗಳಲ್ಲಿ ಪರ್ಚ್, ಬ್ರೀಮ್, ಟ್ರೌಟ್ ಎಂಬ ಮೀನುಗಳಿದ್ದವು. ಹೊಸ ನಾಡಿನಲ್ಲಿ ಮುಳ್ಳಿನ ಬೆನ್ನಿರುವುದೆಲ್ಲ ಪರ್ಚ್ ಆಯಿತು. ಮೈ ಅಗಲವಾಗಿ ಚಪ್ಪಟೆಯಾಗಿರುವುದು ಬ್ರೀಮ್ ಆಯಿತು. ಇಂಗ್ಲೆಂಡಿನ ಬ್ರೀಮ್ ಗೆಂಡೆಯ ಜಾತಿಯದು. ಅದಕ್ಕೂ ಸೂರ್ಯಮೀನಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೂ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಇಂದಿಗೂ ಸೂರ್ಯಮೀನುಗಳೆಲ್ಲ ‘ಬ್ರಿಮ್’ಗಳೇ. ಕ್ಯಾರೊಲಿನ ಪ್ರಾಂತದಲ್ಲಿ ದೊಡ್ಡ ಬಾಯಿಯ ಬ್ಲ್ಯಾಕ್ ಬಾಸ್ ಮೀನನ್ನು ಟ್ರೌಟ್ ಎಂದರು. ಕ್ರಾಪಿ ಮೀನು ಲೂಯಿಸಿಯಾನದಲ್ಲಿ ‘ಬಿಳಿಯ ಪರ್ಚ್’. ಅಟ್ಲಾಂಟಿಕ್ ತೀರದಲ್ಲಿ ‘ಬಿಳಿಯ ಪರ್ಚ್’ ಎಂದರೆ ಬೇರೆಯೇ ಕುಟುಂಬದ ಮೀನು. ‘ಗಾಗಲ್-ಐ’, ಎಂದರೆ ಮಿಟಮಿಟ ಕಣ್ಣಿನದು, ಎಂಬ ಹೆಸರು ಕೆಲವು ಕಡೆ ‘ರಾಕ್ ಬಾಸ್’ಗೂ ಮತ್ತೆ ಕೆಲವು ಕಡೆ ‘ವಾರ್‌ಮೌತ್’ಗೂ ಸಲ್ಲುತ್ತದೆ.

ಇದನ್ನು ಕೇಳಿ ನಗುವ ಮುನ್ನ ನಮ್ಮ ಮಾರುಕಟ್ಟೆಯನ್ನು ನೋಡಬೇಕು. ಚೀನ ಮುಂತಾದ ದೇಶಗಳಿಂದ ನಮ್ಮ ಕೆರೆಗಳಿಗೆ ಬಂದ ಮೀನುಗಳಿಗೆ ನಾವು ಇಟ್ಟ ಹೆಸರುಗಳು ಹುಲ್ಲುಗೆಂಡೆ, ಬೆಳ್ಳಿಗೆಂಡೆ, ಸಾಮಾನ್ಯ ಗೆಂಡೆ. ಅಲ್ಲಿ ಜನ ಹೊಸ ನೀರಿಗೆ ಹೋಗಿ ಹಳೆಯ ಹೆಸರನ್ನು ಹಚ್ಚಿದರು. ಇಲ್ಲಿ ಹೊಸ ಮೀನು ನಮ್ಮ ನೀರಿಗೆ ಬಂದು ಹಳೆಯ ಹೆಸರನ್ನು ಪಡೆಯಿತು. ಭೇದವಿಷ್ಟೇ.

ಹೆಸರು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಆಗುವ ವಿಕಾರಕ್ಕೂ ಒಂದು ಸೊಗಸಾದ ನಿದರ್ಶನವುಂಟು. ಲೂಯಿಸಿಯಾನದ ಫ್ರೆಂಚರು ಕ್ರಾಪಿ ಮೀನನ್ನು ‘ಸಾಕ್-ಆ-ಲೇ’ ಎನ್ನುತ್ತಾರೆ. ಶಬ್ದಾರ್ಥ ‘ಹಾಲಿನ ಚೀಲ’. ಮಾಂಸದ ಬಿಳುಪಿನಿಂದ ಈ ಹೆಸರು ಬಂದಿತೆಂದು ಯಾರಾದರೂ ಅರ್ಥ ಹಚ್ಚಬಹುದು. ಆದರೆ ನಿಘಂಟುಕಾರರು ತೋರಿಸಿರುವ ಮೂಲ ಬೇರೆ: ಆ ನಾಡಿನ ಮೂಲನಿವಾಸಿಗಳಾದ ಚಾಕ್ಟಾ ಜನರ ಭಾಷೆಯಲ್ಲಿ ಮೀನೊಂದಕ್ಕಿದ್ದ ‘ಸಕ್ಲಿ’ ಎಂಬ ಹೆಸರನ್ನು ಫ್ರೆಂಚರ ಕಿವಿ ತನಗೆ ತಿಳಿದ ಮಾತಾಗಿ ಕೇಳಿಸಿಕೊಂಡಿತು. ೧೯೫೨ ರಲ್ಲಿ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯ ಮೀನು ನಮ್ಮ ಬೆಸ್ತರ ಬಾಯಲ್ಲಿ ‘ಜಿಲೇಬಿ’ಯಾಗಿರುವುದನ್ನು ಬಲ್ಲ ನಮಗೆ ಇದರಲ್ಲಿ ಅಚ್ಚರಿಯೇನೂ ತೋರದು. ಮುಂದೊಂದು ಕಾಲದಲ್ಲಿ ಯಾರಾದರೂ ಸಂಶೋಧಕರು ಈ ಮೀನು ಸಿಹಿಯಾಗಿದ್ದಿತೆಂದು ಪ್ರೌಢಪ್ರಬಂಧ ಬರೆಯದಿದ್ದರೆ ಸಾಕು. ಚಾಕ್ಟಾ ಹೆಸರು ವೇಷ ಮರೆಸಿಕೊಂಡಾದರೂ ಉಳಿಯಿತು. ಹೀಗೆ ಉಳಿಯದೆ ಹೋದ ಮೂಲನಿವಾಸಿಗಳ ಹೆಸರುಗಳು ಎಷ್ಟೋ. ವಲಸಿಗನ ದಿನಚರಿಯನ್ನೇ ಆಕರವಾಗಿ ಹಿಡಿಯುವ ಚರಿತ್ರೆಯಲ್ಲಿ ಆ ನಷ್ಟವು ಕಾಣಿಸಿಕೊಳ್ಳುವುದೇ ಇಲ್ಲ.

ಇನ್ನು ವಿದ್ವಾಂಸರ ವಿಷಯ. ದೇಶನಾಮಗಳ ಈ ಸಂಕರವನ್ನು ಕೊನೆಗಾಣಿಸುವುದಕ್ಕಾಗಿಯೇ ಶಾಸ್ತ್ರನಾಮಗಳು ಹುಟ್ಟಿದುವೆಂದು ನಾವು ಓದಿರುತ್ತೇವೆ. ಸ್ವೀಡನ್ನಿನ ಲಿನೇಯಸ್ ೧೭೫೮ ರಲ್ಲಿ ತನ್ನ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಪ್ರಾಣಿಗಳೆಲ್ಲಕ್ಕೂ ಎರಡು ಪದಗಳ ಹೆಸರನ್ನು ಕೊಟ್ಟನು. ಇಂದಿನ ಪ್ರಾಣಿನಾಮಗಳ ಶಕೆ ಅಲ್ಲಿಂದ ಮೊದಲಾಗುತ್ತದೆ. ಆ ಗ್ರಂಥದಲ್ಲಿ ಎರಡು ಸೂರ್ಯಮೀನುಗಳಿವೆ. ಒಂದು ಈಗ ನಾವು ಪಂಪ್‌ಕಿನ್‌ಸೀಡ್ ಎನ್ನುವುದು. ಇಂಗ್ಲೆಂಡಿನ ಮಾರ್ಕ್ ಕೇಟ್ಸ್‌ಬಿ ಕ್ಯಾರೊಲಿನ ಪ್ರಾಂತದ ಪ್ರಾಣಿಸಸ್ಯಗಳನ್ನು ಕುರಿತು ಬರೆದ ಗ್ರಂಥವನ್ನು ಆಧರಿಸಿ ಲಿನೇಯಸ್ ಇದನ್ನು ಪರ್ಚ್ ಮೀನುಗಳ ಕುಲಕ್ಕೆ ಸೇರಿಸಿದನು. ಇನ್ನೊಂದು ಕೆಂಪೆದೆಯದು, ಇದನ್ನು ಲಾಬ್ರಸ್ ಎಂಬ ಕಡಲಮೀನುಗಳ ಕುಲಕ್ಕೆ ಹಾಕಿದನು. ಈಗ ಇವೆರಡೂ ಲೆಪೋಮಿಸ್ ಕುಲದ ಒಡಹುಟ್ಟುಗಳು. ಎಂದಮೇಲೆ ಸಂಕರವನ್ನು ಹೋಗಲಾಡಿಸಲು ಬಂದ ಶಾಸ್ತ್ರವೂ ಮೊದಲ ಹೆಜ್ಜೆಯಲ್ಲಿ ವಲಸಿಗನು ಮಾಡಿದುದನ್ನೇ ಮಾಡಿತು: ಕಾಣದುದನ್ನು ಕಂಡುದರ ಹೆಸರಿನಿಂದ ಕರೆಯಿತು.

ಫ್ರಾನ್ಸಿನ ಲಾಸೆಪೇಡನ ಕಥೆ ಇನ್ನೂ ವಿಚಿತ್ರವಾದುದು. ೧೮೦೨ ರಲ್ಲಿ ಅವನು ಬ್ಲ್ಯಾಕ್ ಬಾಸ್ ಮೀನೊಂದಕ್ಕೆ ‘ಮೈಕ್ರಾಪ್ಟೆರಸ್’ ಎಂದು ಹೆಸರಿಟ್ಟನು. ‘ಚಿಕ್ಕ ಈಜುರೆಕ್ಕೆಯುಳ್ಳದು’ ಎಂದು ಅರ್ಥ. ಆ ಮೀನಿಗೆ ಅಂತಹ ಚಿಕ್ಕ ರೆಕ್ಕೆಯೇ ಇಲ್ಲ. ಅವನ ಮುಂದಿದ್ದ ಮಾದರಿಯಲ್ಲಿ ಬೆನ್ನಿನ ಈಜುರೆಕ್ಕೆ ಹರಿದು ಅದರ ಹಿಂತುದಿಯು ಬೇರೆಯೊಂದು ಕಿರುರೆಕ್ಕೆಯಂತೆ ನಿಂತಿತ್ತು. ಒಂದು ಗಾಯವೇ ಕುಲದ ಲಕ್ಷಣವಾಯಿತು. ಪ್ರಾಶಸ್ತ್ಯವು ಮೊದಲು ಅಚ್ಚಾದ ಹೆಸರಿಗೆ ಸಲ್ಲಬೇಕೆಂಬ ನಿಯಮವಿರುವುದರಿಂದ ಆ ಹೆಸರು ಇಂದಿಗೂ ಉಳಿದುಬಂದಿದೆ. ಅದೇ ಗ್ರಂಥದಲ್ಲಿ, ಬಾಸ್ಕ್ ಎಂಬ ಪ್ರಕೃತಿವಿಜ್ಞಾನಿ ಕ್ಯಾರೊಲಿನದಿಂದ ತಂದ ಚಿತ್ರವೊಂದರ ಆಧಾರದ ಮೇಲೆ, ಇನ್ನೊಂದು ಬ್ಲ್ಯಾಕ್ ಬಾಸ್ ಮೀನಿಗೆ ‘ಸಾಲ್ಮಾಯ್ಡೀಸ್’, ಎಂದರೆ ಸಾಮನ್ ಮೀನನ್ನು ಹೋಲುವುದು, ಎಂದು ಹೆಸರಿಟ್ಟನು. ಸಾಮನ್ನಿಗೂ ಟ್ರೌಟಿಗೂ ಒಂದೇ ಮನೆತನ. ಆ ನಾಡಿನ ಜನ ಈ ಮೀನನ್ನು ಟ್ರೌಟ್ ಎನ್ನುತ್ತಿದ್ದರು. ಜನರ ತಪ್ಪು ಲ್ಯಾಟಿನ್ ಅಂಗಿಯನ್ನು ತೊಟ್ಟು ಪಂಡಿತರ ಸಭೆಗೆ ಬಂದಿತು. ಈ ಹೆಸರಿನ ಪ್ರಸ್ತಾಪ ಮುಂದೆ ಇನ್ನೊಮ್ಮೆ ಬರುತ್ತದೆ.

ಈ ಚರಿತ್ರೆಯ ನಾಯಕನೆಂದು ಯಾರನ್ನಾದರೂ ಕರೆಯಬಹುದಾದರೆ ಅವನು ಕಾನ್‌ಸ್ಟಂಟೀನ್ ರಫಿನೆಸ್ಕ್. ೧೭೮೩ ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದ ಗಲಾಟಾದಲ್ಲಿ ಹುಟ್ಟಿದವನು. ೧೮೧೫ ರಲ್ಲಿ ಅಮೆರಿಕಕ್ಕೆ ಬರುತ್ತಿದ್ದಾಗ ಕರಾವಳಿಯ ಸಮೀಪದಲ್ಲೇ ಹಡಗು ಒಡೆದು, ವರ್ಷಗಳ ಕಾಲ ಸಂಗ್ರಹಿಸಿದ್ದ ಪುಸ್ತಕಗಳನ್ನೂ ಮಾದರಿಗಳನ್ನೂ ಕಳೆದುಕೊಂಡನು. ೧೮೧೮ ರಲ್ಲಿ ಒಹಾಯೊ ನದಿಯ ಗುಂಟ ಇಳಿದು, ದಾರಿಯುದ್ದಕ್ಕೂ ಮೀನುಗಳನ್ನು ನೋಡುತ್ತ, ಬರೆದುಕೊಳ್ಳುತ್ತ ಸಾಗಿದನು. ಮುಂದೆ ಲೆಕ್ಸಿಂಗ್‌ಟನ್ನಿನ ಟ್ರಾನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿ, ೧೮೨೦ ರಲ್ಲಿ ಒಹಾಯೊ ನದಿಯ ಮೀನುಗಳನ್ನು ಕುರಿತ ತನ್ನ ‘ಇಕ್ತಿಯಾಲಜಿಯ ಒಹಾಯೆನ್ಸಿಸ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಲೆಪೋಮಿಸ್ ಎಂಬ ಕುಲನಾಮ ಇವನು ೧೮೧೯ ರಲ್ಲಿ ಕೊಟ್ಟದ್ದು. ಹುರುಪೆಯುಳ್ಳ ಕಿವಿರುಮುಚ್ಚಳ ಎಂದು ಅದರ ಅರ್ಥ. ಬ್ಲೂಗಿಲ್, ಹಸುರು ಸೂರ್ಯಮೀನು, ಉದ್ದಗಿವಿ ಇವುಗಳ ಶಾಸ್ತ್ರನಾಮಗಳೂ ಇವನವೇ.

ಆ ಪ್ರಯಾಣದಲ್ಲಿ ಅವನು ಕೆಂಟಕಿಯ ಹೆಂಡರ್ಸನ್ ಎಂಬ ಊರಿನಲ್ಲಿ ಜಾನ್ ಜೇಮ್ಸ್ ಆಡುಬಾನನ ಮನೆಯಲ್ಲಿ ಇಳಿದುಕೊಂಡನು. ಮುಂದೆ ಪಕ್ಷಿಗಳ ಚಿತ್ರಗಳಿಂದ ಜಗತ್ಪ್ರಸಿದ್ಧನಾದ ಆಡುಬಾನ್ ಆಗ ಹೆಸರಿಲ್ಲದ ವ್ಯಾಪಾರಿ. ರಾತ್ರಿ ಕೋಣೆಗೆ ಬಾವಲಿಗಳು ನುಗ್ಗಲು, ಇವು ಹೊಸ ಜಾತಿಯವೆಂಬ ಸಂಭ್ರಮದಲ್ಲಿ ಅತಿಥಿಯು ಬತ್ತಲೆಯಾಗಿ ಕುಣಿದಾಡುತ್ತ, ಆತಿಥೇಯನ ಪಿಟೀಲಿನಿಂದಲೇ ಅವನ್ನು ಹೊಡೆಯಹೋಗಿ ಪಿಟೀಲು ಮುರಿಯಿತೆಂದು ಆಡುಬಾನನೇ ೧೮೩೧ ರಲ್ಲಿ, ಅತಿಥಿಯ ಹೆಸರನ್ನು ಮರೆಮಾಚಿ, ಬರೆದಿದ್ದಾನೆ. ಅವನು ಬರೆಯದೆ ಬಿಟ್ಟುದು ಇನ್ನೊಂದುಂಟು. ಜಗತ್ತಿನಲ್ಲಿ ಎಲ್ಲಿಯೂ ಇಲ್ಲದ ಸುಮಾರು ಹತ್ತು ಮೀನುಗಳನ್ನು ಆಡುಬಾನ್ ಕಲ್ಪಿಸಿ ಅತಿಥಿಯ ಮುಂದಿಟ್ಟನು. ಗುಂಡು ತಾಗದ, ಉಕ್ಕಿಗೆ ಬಡಿದರೆ ಕಿಡಿ ಹಾರುವ ಹುರುಪೆಗಳುಳ್ಳ ವಜ್ರಮೀನೂ ಅವುಗಳಲ್ಲಿ ಒಂದು. ರಫಿನೆಸ್ಕ್ ಎಲ್ಲವನ್ನೂ ನಂಬಿ, ಲ್ಯಾಟಿನ್ ಹೆಸರುಗಳನ್ನು ಕೊಟ್ಟು ಅಚ್ಚು ಹಾಕಿಸಿದನು.

ಇದನ್ನು ಸಾಮಾನ್ಯವಾಗಿ ಹಾಸ್ಯಪ್ರಸಂಗವೆಂದು ಹೇಳುತ್ತಾರೆ. ನನಗೆ ಇದು ಹಾಸ್ಯವಾಗಿ ಕಾಣುವುದಿಲ್ಲ. ಸುಳ್ಳು ಮೀನುಗಳ ಜೊತೆಗೆ ನಿಜವಾದ ಮೀನುಗಳೂ ನಗೆಗೀಡಾದವು. ರಫಿನೆಸ್ಕನ ಮಾತನ್ನು ನಂಬಬಾರದೆಂದು ವಿದ್ವಾಂಸರು ತೀರ್ಮಾನಿಸಿದರು. ಅವನ ಕುಲನಾಮಗಳನ್ನು ದಶಕಗಳ ಕಾಲ ಬದಿಗಿರಿಸಿದರು. ಪ್ಯಾರಿಸ್ಸಿನ ಕ್ಯೂವಿಯೆ ಸೂರ್ಯಮೀನಿಗೆ ‘ಪೊಮೋಟಿಸ್’ ಎಂದು ಬೇರೆಯ ಹೆಸರನ್ನಿಟ್ಟನು. ೧೮೪೦ ರಲ್ಲಿ ಫಿಲಡೆಲ್ಫಿಯದಲ್ಲಿ ರಫಿನೆಸ್ಕ್ ತೀರಿಕೊಂಡಾಗ ಅವನ ಪಾಂಡಿತ್ಯಕ್ಕೆ ಮನ್ನಣೆ ಇರಲಿಲ್ಲ.

ಅವನ ಮೇಲೆ ತಪ್ಪೇ ಇರಲಿಲ್ಲವೆಂದು ಹೇಳಬರುವಂತಿಲ್ಲ. ಒಂದೇ ಬ್ಲ್ಯಾಕ್ ಬಾಸ್ ಮೀನಿಗೆ, ವಯಸ್ಸು ಬಣ್ಣಗಳ ವ್ಯತ್ಯಾಸವನ್ನು ಜಾತಿಯ ವ್ಯತ್ಯಾಸವೆಂದು ಬಗೆದು, ಅವನು ಹಲವು ಹೆಸರುಗಳನ್ನು ಕೊಟ್ಟನು. ಹೊಸತನ್ನು ಕಾಣುವ ಹಸಿವು ಅವನಲ್ಲಿ ಅತಿಯಾಗಿತ್ತು. ಆದರೆ ಎರಡು ಸಂಗತಿಗಳು ಅವನ ಪರವಾಗಿವೆ. ಮೊದಲನೆಯದಾಗಿ, ಪ್ಯಾರಿಸ್ಸಿನ ಪಂಡಿತರು ಮದ್ಯಸಾರದಲ್ಲಿ ಬಣ್ಣಗೆಟ್ಟ ಮೀನುಗಳನ್ನು ನೋಡಿ ಬರೆಯುತ್ತಿದ್ದ ಕಾಲದಲ್ಲಿ ಅವನು ನದಿಯ ದಂಡೆಯಲ್ಲಿ ನಿಂತು, ಈಗತಾನೆ ಹಿಡಿದ ಮೀನನ್ನು ನೋಡಿ, ಬೆಸ್ತನು ಅದನ್ನು ಏನೆನ್ನುವನೆಂದು ಕೇಳಿ ಬರೆದನು. ಎರಡನೆಯದು ನಮ್ಮಂಥವರಿಗೆ ಇನ್ನೂ ಮುಖ್ಯವಾದುದು: ಆಡುಬಾನನಿಂದ ಬಂದ ಮೀನುಗಳ ವರ್ಣನೆಯಲ್ಲಿ, ಇದು ಆಡುಬಾನನ ಚಿತ್ರದಿಂದ ತಿಳಿದುದು ಎಂದು ಆಕರವನ್ನು ಅವನು ಸೂಚಿಸಿದ್ದನು. ಆಡುಬಾನನ ಹೆಸರಿನೊಡನೆ ಬಂದ ಕೃತಕ ಮೀನುಗಳನ್ನು ಬೇರ್ಪಡಿಸಿ, ಉಳಿದುದನ್ನು ನದಿಯೊಡನೆ ಹೋಲಿಸಿ ನೋಡುವುದು ಮುಂದಿನವರಿಗೆ ಇದರಿಂದ ಸಾಧ್ಯವಾಯಿತು. ಮೋಸಹೋದವನನ್ನು ಅವನ ಅಡಿಟಿಪ್ಪಣಿಯೇ ಕಾಪಾಡಿತು ಎನ್ನಬೇಕು.

ಹೋಲಿಸಿ ನೋಡಿದವನು ಡೇವಿಡ್ ಸ್ಟಾರ್ ಜಾರ್ಡನ್. ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮೊದಲನೆಯ ಅಧ್ಯಕ್ಷನಾದ ಇವನು ಆಗ ಇಂಡಿಯಾನದಲ್ಲಿ ಅಧ್ಯಾಪಕನಾಗಿದ್ದನು. ರಫಿನೆಸ್ಕನ ಬರಹಗಳ ವಿಮರ್ಶೆಯನ್ನು ಇವನು ೧೮೭೭ ರಲ್ಲಿ ಪ್ರಕಟಿಸಿದನು. ಇಂದು ಅಮೆರಿಕದ ಮೀನುಗಾರಿಕೆಯ ಪುಸ್ತಕಗಳಲ್ಲಿ ಲೆಪೋಮಿಸ್ ಎಂಬ ಹೆಸರು ನಿಂತಿರುವುದಕ್ಕೆ ಈ ಪುನರ್ವಿಮರ್ಶೆಯೇ ದಾರಿಮಾಡಿತು. ಸೂರ್ಯಮೀನಿನ ದಾಯಾದಿಯಾದ ಮಚ್ಚೆಯ ಬ್ಲ್ಯಾಕ್ ಬಾಸ್ ಮೀನಿನ ವಿಷಯದಲ್ಲಂತೂ ರಫಿನೆಸ್ಕನಿಗೆ ನ್ಯಾಯ ಸಿಕ್ಕಲು ಇನ್ನೂ ಐವತ್ತು ವರ್ಷ ಹಿಡಿಯಿತು. ೧೮೧೯ ರಲ್ಲಿ ಅವನು ಹೆಸರಿಸಿದ್ದ ಆ ಪ್ರಭೇದವನ್ನು ೧೯೨೭ ರಲ್ಲಿ ಕಾರ್ಲ್ ಹಬ್ಸ್ ಎಂಬ ವಿದ್ವಾಂಸರು ಹೊಸದೆಂದು ತಿಳಿದು ಮತ್ತೊಮ್ಮೆ ಹೆಸರಿಸಿದರು. ಬಳಿಕ ಹಳೆಯ ಹೆಸರೇ ಸ್ಥಿರವಾಯಿತು.

ಇದೇ ಹಬ್ಸ್‌ರವರು ಪತ್ನಿ ಲಾರಾ ಹಬ್ಸ್‌ರವರೊಡನೆ ೧೯೩೦ ರ ದಶಕದ ಮೊದಲಲ್ಲಿ ಪ್ರಕಟಿಸಿದ ಪ್ರಯೋಗಗಳು ಸಂಕರವೆಂಬ ಮಾತಿಗೆ ಬೇರೊಂದು ಅರ್ಥವನ್ನೇ ಕೊಟ್ಟವು. ಸೂರ್ಯಮೀನುಗಳ ಗೂಡುಗಳು ಒತ್ತೊತ್ತಾಗಿರುತ್ತವೆ. ಮೊಟ್ಟೆಗಳು ಮೈಯ ಹೊರಗೆ, ನೀರಿನಲ್ಲಿ ಫಲಿತವಾಗುತ್ತವೆ. ಆದುದರಿಂದ ಒಂದು ಪ್ರಭೇದದ ಮೊಟ್ಟೆಗಳು ಇನ್ನೊಂದರಿಂದ ಫಲಿತವಾಗಿ ಮಿಶ್ರಸಂತಾನ ಹುಟ್ಟುವುದುಂಟು. ಹಬ್ಸ್ ದಂಪತಿಗಳು ಇಂತಹ ಮರಿಗಳನ್ನು ತಾವೇ ಹುಟ್ಟಿಸಿ ಬೆಳೆಸಿ, ಅವುಗಳಲ್ಲಿ ಹೆಚ್ಚಿನವು ಗಂಡಾಗಿರುವುದನ್ನೂ ಬೇಗ ಬೆಳೆಯುವುದನ್ನೂ ತೋರಿಸಿದರು. ೧೮೮೧ ರಲ್ಲಿ ಪ್ರತ್ಯೇಕ ಪ್ರಭೇದವೆಂದು ಹೆಸರು ಪಡೆದಿದ್ದ ಒಂದು ಸೂರ್ಯಮೀನು ವಾಸ್ತವವಾಗಿ ಹಸುರು ಸೂರ್ಯಮೀನಿಗೂ ಪಂಪ್‌ಕಿನ್‌ಸೀಡಿಗೂ ಹುಟ್ಟಿದ ಮಿಶ್ರಸಂತಾನವೆಂದು ತಿಳಿದುಬಂದಿತು. ಹೆಸರಷ್ಟೇ ಅಲ್ಲ, ಮೀನೇ ಬೆರಕೆಯಾಗಿದ್ದಾಗ “ಇದು ಯಾವುದೋ ಎರಡರ ನಡುವಿನದು” ಎಂದು ತಲೆ ಕೆರೆದುಕೊಂಡ ಮೀನುಗಾರನೇ ಪಂಡಿತನಿಗಿಂತ ಸತ್ಯಕ್ಕೆ ಹತ್ತಿರವಾಗಿದ್ದನು.

ಶಾಸ್ತ್ರನಾಮವು ಒಮ್ಮೆ ನಿಂತರೆ ಅಲುಗದೆಂಬ ನಂಬಿಕೆಯಿರುವವರಿಗೆ ಸಾಲ್ಮಾಯ್ಡೀಸ್ ಎಂಬ ಹೆಸರಿನ ಗತಿಯನ್ನು ಹೇಳಬೇಕು. ಇನ್ನೂರಕ್ಕೂ ಹೆಚ್ಚು ವರ್ಷ ಆ ಹೆಸರು ದೊಡ್ಡ ಬಾಯಿಯ ಬ್ಲ್ಯಾಕ್ ಬಾಸ್ ಮೀನಿಗೆ ಸಲ್ಲುತ್ತಿದ್ದಿತು. ೨೦೨೨ ರಲ್ಲಿ ಅನುವಂಶಿಕ ಧಾತುಗಳ ಪರೀಕ್ಷೆಯಿಂದ ತಿಳಿದುಬಂದುದೇನೆಂದರೆ, ಲಾಸೆಪೇಡನಿಗೆ ದೊರೆತ ಚಿತ್ರದ ಮೂಲವಾದ ಕ್ಯಾರೊಲಿನದ ನೀರಿನಲ್ಲಿರುವುದು ಫ್ಲಾರಿಡ ಬಾಸ್ ಎಂಬ ಇನ್ನೊಂದು ಪ್ರಭೇದ. ಆದುದರಿಂದ ಹಳೆಯ ಹೆಸರು ಅದಕ್ಕೆ ಹೋಯಿತು. ದೊಡ್ಡ ಬಾಯಿಯ ಬಾಸಿಗೆ ೧೮೨೮ ರಲ್ಲಿ ಕ್ಯೂವಿಯೆ ಹ್ಯೂರನ್ ಸರೋವರದ ಮೀನಿಗೆ ಕೊಟ್ಟಿದ್ದ ‘ನಿಗ್ರಿಕಾನ್ಸ್’ ಎಂಬ ಹೆಸರು ಬಂದಿತು. ೨೦೨೨ ಕ್ಕಿಂತ ಹಿಂದಿನ ಪುಸ್ತಕದಲ್ಲಿ ಸಾಲ್ಮಾಯ್ಡೀಸ್ ಎಂದಿದ್ದರೆ ಅದು ಯಾವ ಮೀನೆಂಬುದನ್ನು ಇನ್ನು ಮುಂದೆ ಪುಸ್ತಕದ ಕಾಲವನ್ನೂ ಸ್ಥಳವನ್ನೂ ನೋಡಿಯೇ ನಿರ್ಣಯಿಸಬೇಕು. ಶಾಸನಪಾಠ ಮಾಡುವವರ ಕೆಲಸಕ್ಕೂ ಇದಕ್ಕೂ ಅಂತರವೇನೂ ಉಳಿಯಲಿಲ್ಲ.

ಸೂರ್ಯಮೀನು ತನ್ನ ಖಂಡವನ್ನು ಬಿಟ್ಟು ಹೊರಟ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಜಪಾನಿನ ಯುವರಾಜ ಅಕಿಹಿತೊ ೧೯೬೦ ರಲ್ಲಿ ಷಿಕಾಗೊ ನಗರದ ಮೇಯರಿನಿಂದ ಬ್ಲೂಗಿಲ್ ಮೀನುಗಳನ್ನು ಕಾಣಿಕೆಯಾಗಿ ಪಡೆದು ತಂದುದೂ, ಅವು ಅಲ್ಲಿನ ಸರೋವರಗಳಲ್ಲಿ ಮಿತಿಮೀರಿ ಹೆಚ್ಚಿ ಸ್ವದೇಶದ ಮೀನುಗಳಿಗೆ ಕಂಟಕವಾದುದೂ, ಸ್ವತಃ ಮತ್ಸ್ಯಶಾಸ್ತ್ರಜ್ಞರಾದ ಅವರು ಚಕ್ರವರ್ತಿಗಳಾಗಿದ್ದಾಗ ೨೦೦೭ ರಲ್ಲಿ ಅದಕ್ಕಾಗಿ ಬಹಿರಂಗವಾಗಿ ವಿಷಾದಿಸಿದುದೂ ಬೇರೆ ಲೇಖನಕ್ಕೆ ಯೋಗ್ಯವಾದ ವಿಷಯ.

ರಫಿನೆಸ್ಕನ ಗ್ರಂಥವು ಬಂದ ಎರಡೇ ವರ್ಷಗಳಿಗೆ ಪ್ರಕಟವಾದ ಹ್ಯಾಮಿಲ್ಟನ್ನನ ಗ್ರಂಥವನ್ನು ಮೇಲೆ ಹೆಸರಿಸಿದ್ದೇನೆ. ಈ ಹ್ಯಾಮಿಲ್ಟನ್ ನಮಗೆ ಅಪರಿಚಿತನಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ೧೮೦೦ ರಲ್ಲಿ, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ ೧೮೦೭ ರಲ್ಲಿ ಪ್ರವಾಸಗ್ರಂಥವನ್ನು ಹೊರತಂದ ಬುಕಾನನ್ನನೇ ಇವನು. ಆಮೇಲೆ ತಾಯಿಯ ಮನೆತನದ ಹೆಸರನ್ನು ಇಟ್ಟುಕೊಂಡನು. ಹೊಸ ಮೀನಿಗೆ 
ಯುರೋಪಿನ ಹೆಸರನ್ನು ಹಚ್ಚುವ ಬದಲು ಇವನು ಬೆಸ್ತರ ಮಾತನ್ನೇ ಶಾಸ್ತ್ರನಾಮವಾಗಿ ಮಾಡಿದನು: ರೋಹಿತ, ಕಾಟ್ಲ, ಮೃಗಲ, ಮೋಲ. ಕ್ಯಾರೊಲಿನದ ಟ್ರೌಟಿನಂತಹ ಅಪಘಾತ ಇಲ್ಲಿ ಆಗಲಿಲ್ಲ. ಆದರೆ ಬೆಸ್ತರ ಮಾತು ಹೊಳೆಯಿಂದ ಹೊಳೆಗೆ ಬೇರೆಯಾಗುತ್ತದೆಂಬ ತೊಡಕು ಇದ್ದೇ ಇದೆ. ಸಂಸ್ಕೃತ ಗ್ರಂಥಗಳಲ್ಲೆಲ್ಲ ‘ರೋಹಿತ’ ಎಂಬ ಮೀನು ಬರುತ್ತದೆ. ಹ್ಯಾಮಿಲ್ಟನ್ ಹೆಸರಿಸಿದ ರೋಹಿತವಾದರೋ ಗಂಗೆಯ ಕಡೆಯದು. ದಕ್ಷಿಣದ ನದಿಗಳಿಗೆ ಅದನ್ನು ತಂದು ಬಿಟ್ಟುದು ಈಚೆಗೆ. ದಖ್ಖನಿನ ಕವಿಯೊಬ್ಬನು ರೋಹಿತವೆಂದರೆ ಯಾವ ಮೀನೆಂದು ತಿಳಿಯಬೇಕು?

ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವಿದೆ. ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಹೆಸರಿಸಿ, ಹುರುಪೆಯುಳ್ಳವು, ಬರಿಯ ಚರ್ಮದವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಎರೆಯನ್ನು ಹಾಕಬೇಕೆಂಬುದನ್ನೂ ಅದರಲ್ಲಿ ವಿವರಿಸಿದೆ. ಮೀನುಗಳನ್ನು ತಾನೇ ಗಾಳ ಹಾಕಿ ಬಲ್ಲವನ ಬರವಣಿಗೆ ಇದು. ಭಾರತದ ಮತ್ಸ್ಯಶಾಸ್ತ್ರಜ್ಞರಲ್ಲಿ ಅಗ್ರಗಣ್ಯರಾದ ಸುಂದರಲಾಲ್ ಹೋರಾರವರು ೧೯೫೧ ರಲ್ಲಿ ಈ ಪ್ರಕರಣವನ್ನು ಕುರಿತು ಬರೆದು ಮೀನುಗಳನ್ನು ಗುರುತಿಸಲು ಯತ್ನಿಸಿದರು. ಅದು ಸ್ತುತ್ಯವಾದ ಪ್ರಯತ್ನ. ಆದರೆ ಸಂಸ್ಕೃತ ಹೆಸರನ್ನು ನೇರವಾಗಿ ಲ್ಯಾಟಿನ್ ಹೆಸರಿಗೆ ಒಯ್ಯುವಾಗ ನಡುವಿನ ಮೆಟ್ಟಿಲೊಂದು ತಪ್ಪುತ್ತದೆ. ಕೃಷ್ಣೆ, ಭೀಮೆ, ತುಂಗಭದ್ರೆಗಳ ದಡದಲ್ಲಿರುವ ಬೆಸ್ತರ ಇಂದಿನ ಹೆಸರುಗಳು ಆ ಮೆಟ್ಟಿಲು. ಸೋಮೇಶ್ವರನ ಹೆಸರುಗಳಲ್ಲಿ ಕೆಲವು ಕನ್ನಡದ ಮಾತುಗಳೇ ಸಂಸ್ಕೃತದ ವೇಷ ತೊಟ್ಟವುಗಳೆಂದು ನನ್ನ ಶಂಕೆ. ಸಕ್ಲಿಯು ಹಾಲಿನ ಚೀಲವಾದುದನ್ನು ನೋಡಿದ ಮೇಲೆ ಈ ಶಂಕೆಯನ್ನು ಅಲಕ್ಷಿಸಲು ನನಗೆ ಧೈರ್ಯವಾಗುವುದಿಲ್ಲ.

ಹೆಸರು ತಪ್ಪಿದರೆ ಆಗುವ ನಷ್ಟ ಪಂಡಿತರ ನಡುವಿನದು ಮಾತ್ರವೆಂದು ಭಾವಿಸುವವರು ಕಾವೇರಿಯ ಮಹಶೀರ್ ಮೀನಿನ ಚರಿತ್ರೆಯನ್ನು ನೋಡಬೇಕು. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ೧೯೪೬ ರಲ್ಲಿ ಕಬಿನಿಯಲ್ಲಿ ಹಿಡಿದ ೧೨೦ ಪೌಂಡಿನ ಮಹಶೀರ್ ಲೋಕಪ್ರಸಿದ್ಧವಾದುದು. ಕಾವೇರಿಯ ಹೊಳೆಗಳಲ್ಲಿ ಮಾತ್ರವಿರುವ, ಬೆನ್ನು ಗೂನಾದ ಈ ಮೀನಿಗೆ ಬಹುಕಾಲ ಸರಿಯಾದ ಶಾಸ್ತ್ರನಾಮವೇ ಇರಲಿಲ್ಲ. ದಖ್ಖನಿನ ಮೀನುಗಳನ್ನು ಕುರಿತು ೧೮೩೯ ರಲ್ಲಿ ಬರೆದ ಸೈಕ್ಸ್ ಎಂಬ ಅಧಿಕಾರಿಯು ಮರಾಠಿ ಬೆಸ್ತರ ಬಾಯಿಂದ ಎತ್ತಿಕೊಂಡ ‘ಮಸ್ಸುಲ್ಲಾ’ ಎಂಬ ಹೆಸರನ್ನು, ಅದು ಬೇರೆಯ ಮೀನಿನದಾಗಿದ್ದರೂ, ಇದಕ್ಕೆ ಹಚ್ಚುತ್ತಿದ್ದರು. ಈ ನಡುವೆ ೧೯೭೦ ರ ದಶಕದಿಂದ ಲೋಣಾವಳದಲ್ಲಿ ಮರಿಮಾಡಿಸಿದ, ಅದೇ ಸೈಕ್ಸ್ ಹೆಸರಿಸಿದ ‘ಖುದ್ರೀ’ ಎಂಬ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಮಹಶೀರ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಮೀನುಗಳಿದ್ದವು. ಬಂದುದು ಹೆಚ್ಚಿತು, ಇದ್ದುದು ಕರಗಿತು, ಹೊಳೆಯಲ್ಲಿ ಮಹಶೀರ್ ಇದೆಯಲ್ಲ ಎಂದು ನೋಡಿದವರು ಸಮಾಧಾನಪಟ್ಟರು. ಕಾವೇರಿಯ ಉಪನದಿಯಾದ ಕೇರಳದ ಪಾಂಬಾರ್ ಹೊಳೆಯ ಒಂದು ಮೀನಿಗೆ ಈಚೆಗೆ ಕೊಟ್ಟಿದ್ದ ‘ಟೋರ್ ರೆಮಾದೇವೀ’ ಎಂಬ ಹೆಸರೇ ಈ ಗೂನುಬೆನ್ನಿನದಕ್ಕೂ ಸಲ್ಲುತ್ತದೆಂದು ೨೦೧೮ ರಲ್ಲಿ ನಿರ್ಣಯವಾಯಿತು. ಹೆಸರು ಬಂದ ಹಿಂದೆಯೇ ಅದನ್ನು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು.

ಮತ್ಸ್ಯವಿನೋದದ ಹೆಸರುಗಳ ಪಟ್ಟಿಯೊಂದನ್ನು ಮಾಡಿ, ನದಿತೀರದ ಊರುಗಳ ವಿದ್ಯಾರ್ಥಿಗಳಿಗೆ ಕೊಟ್ಟಿದ್ದೇನೆ. ಹೆಸರನ್ನು ಹೇಳಿದವರ ಊರು, ಹೊಳೆ, ಮಾಸ, ಮೀನಿನ ಅಳತೆ ಇವಿಷ್ಟನ್ನೂ ಬರೆದು ತರಬೇಕೆಂದೂ, ನೋಡದ ಮೀನಿನ ಮುಂದೆ ‘ನೋಡಿಲ್ಲ’ ಎಂದೇ ಬರೆಯಬೇಕೆಂದೂ ಕೇಳಿಕೊಂಡಿದ್ದೇನೆ. ಇನ್ನು ಒಹಾಯೊ ಕಣಿವೆಯನ್ನು ಕುರಿತ ನನ್ನ ಟಿಪ್ಪಣಿಯನ್ನು ತಿದ್ದಿಯಾಯಿತು. ಸಮುದ್ರದ ಮಹಾಮೀನಿನ ವರ್ಣನೆಯನ್ನು ಹೊಡೆದುಹಾಕಿ ಆ ಸ್ಥಳದಲ್ಲಿ ಹೀಗೆ ಬರೆದಿದ್ದೇನೆ: “ಸೂರ್ಯಮೀನು: ಸಿಹಿನೀರಿನದು, ಅಂಗೈಯಗಲದ್ದು, ಪ್ರಾಯಶಃ ಲೆಪೋಮಿಸ್ ಕುಲದ್ದು, ಯಾವ ಪ್ರಭೇದವೆಂಬುದು ಈ ಆಕರದಿಂದ ತಿಳಿಯದು.”